ಎರಡು ನೀಲಿ ಗೆರೆ: ಒಂದು ರೈಸ್ ಮಿಲ್‌ನಲ್ಲಿ ಕೆಲಸಕ್ಕೆ ಜನ ತೆಗೆದುಕೊಂಡ ಪ್ರಕರಣ

ಇದು ಗಂಗಾವತಿ ಹತ್ತಿರದ ನಮ್ಮ ರೈಸ್ ಮಿಲ್‌ನಲ್ಲಿ 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನಡೆದದ್ದು. ನಮಗೆ ಒಬ್ಬ ಅಕೌಂಟೆಂಟ್ ಬೇಕಿತ್ತು. 43 ಜನ ಅರ್ಜಿ ಹಾಕಿದರು. 7 ಜನರನ್ನು ಕರೆದೆವು. 5 ಜನ ಬಂದರು. ಒಬ್ಬನನ್ನು ಆರಿಸಿದೆವು. ಕೆಲಸಕ್ಕೆ ಸೇರಬೇಕಾದ ದಿನ ಅವನೂ ಬರಲಿಲ್ಲ. ಭತ್ತದ ಸೀಸನ್ ಶುರುವಾದಾಗ ನಮ್ಮ ಆಫೀಸಿನ ಕುರ್ಚಿ ಖಾಲಿಯೇ ಇತ್ತು.

"ಈಗಿನ ಹುಡುಗ್ರಿಗೆ ರೀತಿ ರಿವಾಜು ಗೊತ್ತಿಲ್ಲ" ಅಂತ ಅಪ್ಪ ಅಂದರು. ನಾನೂ ಹೌದು ಅಂದೆ. ಆಮೇಲೆ ಒಂದು ರಾತ್ರಿ ವಾಟ್ಸಾಪ್ ಮೆಸೇಜು, ಫೋನಿನಲ್ಲಿ ಬಂದ ಹೋದ ಕರೆ, ಇಂಟರ್‌ವ್ಯೂ ದಿನ ನಾನು ಗೀಚಿಕೊಂಡಿದ್ದ ನೋಟ್‌ಬುಕ್, ಮೂರನ್ನೂ ಮುಂದಿಟ್ಟುಕೊಂಡು ತಾರೀಖಿನ ಪ್ರಕಾರ ಬರೆದೆ. ಬರೆಯುತ್ತಾ ಹೋದಂತೆ ನನಗೆ ಕಂಡದ್ದು ಬೇರೆಯೇ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ನಮ್ಮ ಕಡೆ ಜನರನ್ನು ಊರಿನಿಂದ ಗುರುತಿಸುವ ರೂಢಿ ಇದೆಯಲ್ವಾ, ಹಾಗೇ ಹೇಳುತ್ತೇನೆ.

ತಡವಾಗಿ ಶುರುವಾದ ಹುಡುಕಾಟ

ನಮ್ಮ ಹಳೆಯ ಅಕೌಂಟೆಂಟ್ ಜುಲೈನಲ್ಲೇ ಕೆಲಸ ಬಿಟ್ಟಿದ್ದರು. ಒಂದು ತಿಂಗಳು ಮುಂಚೆ ಹೇಳಿ, ಲೆಕ್ಕ ಎಲ್ಲ ಒಪ್ಪಿಸಿ ಹೋಗಿದ್ದರು. ಆಗಲೇ ಹೊಸಬರನ್ನು ಹುಡುಕಬೇಕಿತ್ತು. ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಎಡದಂಡೆ ಕಾಲುವೆಯನ್ನೇ ನಂಬಿರುವ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಅವತ್ತಿನ ದಿಗಿಲು ಮಾತಲ್ಲಿ ಹೇಳುವಂಥದ್ದಲ್ಲ. ನೀರಿಲ್ಲದಿದ್ದರೆ ಭತ್ತ ಇಲ್ಲ, ಭತ್ತ ಇಲ್ಲದಿದ್ದರೆ ಮಿಲ್ಲಿಗೆ ಕೆಲಸ ಇಲ್ಲ. "ಸೀಸನ್ನ ಐತೋ ಇಲ್ಲೋ, ಈಗ ಯಾಕ ಆಳು" ಅಂತ ಅಪ್ಪ ಕೈ ಚೆಲ್ಲಿದರು. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು. ಮಳೆ ಮತ್ತೆ ಹಿಡಿಯಿತು, ಡ್ಯಾಮು ತುಂಬಿತು, ಗದ್ದೆಗಳು ಉಳಿದವು. ನಾವು ಮಾತ್ರ ದಸರಾ ಮುಗಿಯುವ ತನಕ ಸುಮ್ನೆ ಕೂತೆವು.

ಅಕ್ಟೋಬರ್ 14, ಸೋಮವಾರ. ಮುಂದಿನ ತಿಂಗಳು ಭತ್ತ ಬರುತ್ತದೆ ಅನ್ನುವ ಅವಸರದಲ್ಲಿ ನಾನು ಮೊಬೈಲಿನಲ್ಲೇ ಎರಡು ಸಾಲು ಬರೆದು ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆ: "ರೈಸ್ ಮಿಲ್ಲಿಗೆ ಅಕೌಂಟೆಂಟ್ ಬೇಕಾಗಿದ್ದಾರೆ. ಟ್ಯಾಲಿ ಗೊತ್ತಿರಬೇಕು. ಅನುಭವ ಇದ್ದವರಿಗೆ ಆದ್ಯತೆ. ಒಳ್ಳೆಯ ಸಂಬಳ. ಕೂಡಲೇ ಸಂಪರ್ಕಿಸಿ." ಕೆಳಗೆ ನನ್ನ ನಂಬರು. ಟ್ಯಾಲಿ ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್.

ಈಗ ಓದಿದರೆ ನನಗೇ ಕಸಿವಿಸಿ ಆಗುತ್ತದೆ. ಸಂಬಳ ಎಷ್ಟು ಅಂತ ಇಲ್ಲ. ಕೆಲಸದ ಹೊತ್ತು ಇಲ್ಲ. ಮಿಲ್ ಎಲ್ಲಿದೆ ಅಂತ ಇಲ್ಲ. ಅರ್ಜಿ ಹೇಗೆ ಕಳಿಸಬೇಕು, ಯಾವತ್ತಿನ ತನಕ ಕಳಿಸಬಹುದು, ಏನೂ ಇಲ್ಲ. ಆದರೂ "ಸಂಬಳ ಎಷ್ಟು ರೀ?" ಅಂತ ಯಾರಾದರೂ ಮೆಸೇಜು ಹಾಕಿದಾಗ "ಮೊದಲ ಮಾತೇ ರೊಕ್ಕದ್ದು ನೋಡು" ಅಂತ ನನಗೆ ಸಿಟ್ಟು ಬಂತು. ಅವರು ಬೇರೆ ಏನು ಕೇಳಬೇಕಿತ್ತು? ಕುಷ್ಟಗಿಯಿಂದಲೋ ಲಿಂಗಸುಗೂರಿನಿಂದಲೋ ಬಂದು ಗಂಗಾವತಿಯಲ್ಲಿ ರೂಮು ಮಾಡಿ ಇರಬೇಕಾದವರಿಗೆ ಆ ಒಂದು ಅಂಕಿ ಗೊತ್ತಿಲ್ಲದೆ ಬರಬೇಕೋ ಬೇಡವೋ ಅಂತ ಯೋಚಿಸಲಿಕ್ಕೂ ಆಗುವುದಿಲ್ಲ.

ಬಂದ 43 ಅರ್ಜಿ

ಅರ್ಜಿ ಅಂದರೆ ನಿಜವಾದ ಅರ್ಜಿಗಳಲ್ಲ. ಅರ್ಧಕ್ಕಿಂತ ಜಾಸ್ತಿ ಬರೀ "ಹಾಯ್", "ಕೆಲಸ ಐತಾ?", "ಇನ್ನೂ ಖಾಲಿ ಐತ್ರಾ?" ಅಷ್ಟೇ. ಕಳಿಸಿದವರ ಹೆಸರಿಲ್ಲ, ಊರಿಲ್ಲ. ಪ್ರೊಫೈಲ್ ಫೋಟೋದಲ್ಲಿ ಸಿನಿಮಾ ಹೀರೋ. ಇಂಥವಕ್ಕೆ ಉತ್ತರ ಕೊಡುವುದು ಕಷ್ಟ. ಮಾಲೀಕನ ಕಡೆಯಿಂದ ಹೇಳುವುದಾದರೆ, ನಾನು ಮೆಸೇಜು ನೋಡುವುದು ಲಾರಿಯವನ ಜೊತೆ ಮಾತಾಡುತ್ತಾ, ಹಮಾಲರ ಪಗಾರ ಎಣಿಸುತ್ತಾ. ಹೆಸರು, ಊರು, ಏನು ಓದಿದ್ದು, ಎಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದು, ಯಾವಾಗ ಬರಬಹುದು: ನಾಲ್ಕು ಸಾಲು ಕನ್ನಡದಲ್ಲಿ ಬರೆದರೆ ಸಾಕು. ಇಂಗ್ಲಿಷ್ ಬೇಕೇ ಇಲ್ಲ. ಹಾಗೆ ಬರೆದವರು ಆರೇ ಜನ. ಆ ಆರೂ ಜನರನ್ನು ಕರೆದೆ. ಏಳನೆಯವರದ್ದು ಮುಂದೆ ಹೇಳುತ್ತೇನೆ.

ಬಯೋಡೇಟಾ ಕಳಿಸಿದವರಲ್ಲಿ ಜಾಸ್ತಿ ಜನ ಕಾಗದವನ್ನು ಮಂಚದ ಮೇಲೆ ಇಟ್ಟು ಫೋಟೋ ಹೊಡೆದಿದ್ದರು. ಒಂದರಲ್ಲಿ ಅರ್ಧ ಮಾರ್ಕ್ಸ್ ಕಾರ್ಡಿನ ಮೇಲೆ ಕೈಯ ನೆರಳು. ಇದನ್ನು ನಾನು ಅಗೌರವ ಅಂತ ಎಣಿಸುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಇನ್ನೇನು ಮಾಡಬೇಕು? ಓದಲಿಕ್ಕೆ ಬಂದರೆ ಸಾಕು. ನನಗೆ ಬೇಸರ ಆದದ್ದು ಬೇರೆ ಕಾರಣಕ್ಕೆ. ಆನ್‌ಲೈನ್ ಸೆಂಟರಿನಲ್ಲಿ ಮಾಡಿಸಿದ ನಾಲ್ಕು ಬಯೋಡೇಟಾಗಳ ಮೊದಲ ಪ್ಯಾರಾ ಅಕ್ಷರಕ್ಕೆ ಅಕ್ಷರ ಒಂದೇ ಇತ್ತು. ಒಂದರಲ್ಲಿ ಕೆಳಗಿನ ಸಹಿ ಜಾಗದಲ್ಲಿ ಬೇರೆಯವರ ಹೆಸರೇ ಉಳಿದಿತ್ತು. ಇನ್ನೊಂದರಲ್ಲಿ ಫೋನ್ ನಂಬರು ಹಳೆಯದು. ಕರೆ ಮಾಡಿದರೆ ಯಾರೋ ಅಜ್ಜ ಎತ್ತಿ "ಅಂವ ನಮ್ಮವ ಅಲ್ರಿ" ಅಂದರು. ಲೆಕ್ಕ ಬರೆಯುವ ಕೆಲಸಕ್ಕೆ ಬರುವವರು ತಮ್ಮದೇ ನಂಬರನ್ನು ಒಮ್ಮೆ ನೋಡಿಕೊಳ್ಳದಿದ್ದರೆ ನಾಳೆ ಅಕ್ಕಿ ಕೊಳ್ಳುವ ಪಾರ್ಟಿಯ ಬಿಲ್ಲಿನಲ್ಲಿ ಒಂದು ಸೊನ್ನೆ ತಪ್ಪಿದರೆ ಹೇಗೆ? ಇದು ಸಣ್ಣ ವಿಷಯ ಅನಿಸಬಹುದು. ನಮ್ಮ ಕಡೆಯಿಂದ ನೋಡಿದರೆ ಸಣ್ಣದಲ್ಲ. ಕಳಿಸುವ ಮೊದಲು ಒಮ್ಮೆ ಓದಿ, ಅಷ್ಟೇ ನನ್ನ ಕೋರಿಕೆ.

ಇಬ್ಬರ ಪರವಾಗಿ ಅವರ ತಂದೆಯವರು ಫೋನ್ ಮಾಡಿದರು. ಒಬ್ಬರ ಪರವಾಗಿ ಊರಿನ ಮುಖಂಡರೊಬ್ಬರು ಮಾಡಿ "ನಮ್ಮ ಹುಡುಗ ಅದಾನ, ಸ್ವಲ್ಪ ನೋಡ್ರಿ" ಅಂದರು. ಏಳನೆಯವನಾಗಿ ಸೇರಿದ್ದು ಆ ಹುಡುಗನೇ, ಕನಕಗಿರಿಯವನು. ಶಿಫಾರಸಿನ ಮಾತು ಬಂದರೆ ನಮ್ಮಂಥ ಸಣ್ಣ ಮಾಲೀಕರಿಗೆ ಇಲ್ಲ ಅನ್ನುವುದು ಕಷ್ಟ. ಆದರೆ ಅದರಿಂದ ಹುಡುಗನಿಗೇ ನಷ್ಟ. ಅವನು ಬಾಗಿಲಲ್ಲಿ ಕಾಲಿಡುವ ಮುಂಚೆಯೇ ನಮಗೆ ಅವನ ಮೇಲೆ ಸಣ್ಣ ಮುನಿಸು ಹುಟ್ಟಿರುತ್ತದೆ. ನನಗಂತೂ ಹುಟ್ಟಿತ್ತು.

ಅಕ್ಟೋಬರ್ 21ರ ಸೋಮವಾರ

ಏಳೂ ಜನರಿಗೆ "ಸೋಮವಾರ ಬೆಳಿಗ್ಗೆ ಬನ್ನಿ" ಅಂದಿದ್ದೆ. ಹೊತ್ತು ಹೇಳಿರಲಿಲ್ಲ. ಕಾರಟಗಿಯ ಹುಡುಗಿ ಒಬ್ಬಳೇ ತಿರುಗಿ ಫೋನ್ ಮಾಡಿ ಕೇಳಿದಳು: "ಸರ್, ಎಷ್ಟು ಗಂಟೆಗೆ ಬರಲಿ? ಬಸ್ ಸ್ಟ್ಯಾಂಡಿನಿಂದ ಹೇಗೆ ಬರಬೇಕು? ಒರಿಜಿನಲ್ ತರಬೇಕಾ, ಝೆರಾಕ್ಸ್ ಸಾಕಾ?" ನಾನು "10 ಗಂಟೆಗೆ ಬಾ, ಎಲ್ಲಾ ಒರಿಜಿನಲ್ ತಗೊಂಡು ಬಾ" ಅಂದೆ. ಯಾಕೆ ಒರಿಜಿನಲ್ ಅಂತ ನನಗೇ ಗೊತ್ತಿರಲಿಲ್ಲ. ಎಲ್ಲರೂ ಹಾಗೆ ಕೇಳುತ್ತಾರೆ, ನಾನೂ ಕೇಳಿದೆ.

ಏಳು ಜನರಲ್ಲಿ ಒಬ್ಬರು ಹಿಂದಿನ ರಾತ್ರಿಯೇ "ಬೇರೆ ಕಡೆ ಕೆಲಸ ಸಿಕ್ಕಿತು, ಬರುವುದಿಲ್ಲ, ನಿಮ್ಮ ಸಮಯಕ್ಕೆ ಧನ್ಯವಾದ" ಅಂತ ಮೆಸೇಜು ಹಾಕಿದ್ದರು. ಅದನ್ನು ಓದಿ ಖುಷಿಯಾಯಿತು. ಮುಂದೆ ಯಾವತ್ತಾದರೂ ಅರ್ಜಿ ಹಾಕಿದರೆ ಆ ಹೆಸರನ್ನು ನಾನು ಮರೆಯುವುದಿಲ್ಲ. ಇನ್ನೊಬ್ಬರು ಬರಲೂ ಇಲ್ಲ, ಹೇಳಲೂ ಇಲ್ಲ.

ಉಳಿದ ಐದು ಜನರಲ್ಲಿ ನಾಲ್ವರು 10ರ ಒಳಗೇ ಬಂದು ಕೂತಿದ್ದರು. ಅವತ್ತೇ ತೌಡಿನ ಲಾರಿ ಬಂತು. ಲಾರಿ ತೂಗುವ ಕಾಟಾದಲ್ಲಿ ತೂಕ ಸರಿ ತೋರಿಸದೆ ಡ್ರೈವರಿಗೂ ನಮ್ಮವರಿಗೂ ಮಾತಿಗೆ ಮಾತು ಬೆಳೆಯಿತು. ಅದು ಮುಗಿದು ನಾನು ಕೈ ತೊಳೆದು ಆಫೀಸಿನಲ್ಲಿ ಕೂತಾಗ 12 ಗಂಟೆ 20 ನಿಮಿಷ. ಎರಡು ತಾಸಿಗಿಂತ ಜಾಸ್ತಿ ಹೊತ್ತು ಅವರು ಬಾಯ್ಲರ್ ಕಡೆಯ ಗೋಡೆಗೆ ಹಾಕಿದ ಬೆಂಚಿನ ಮೇಲೆ, ಹೊಟ್ಟಿನ ಧೂಳಿನಲ್ಲಿ ಕೂತಿದ್ದರು. ತಡವಾಗುತ್ತದೆ ಅಂತ ಯಾರೂ ಅವರಿಗೆ ಹೇಳಲಿಲ್ಲ. ನೀರು ಕೊಟ್ಟದ್ದು ನಮ್ಮ ಹಮಾಲರೊಬ್ಬರು, ನಾವು ಹೇಳಿ ಅಲ್ಲ.

ಕುಷ್ಟಗಿಯ ಹುಡುಗ 12ಕ್ಕೆ ಕಾಟಾದ ಹತ್ತಿರ ಬಂದು, "ಸರ್, ಬಸ್ಸಿನ ಹೊತ್ತಾಯ್ತು, ಮನ್ಯಾಗ ಅವ್ವ ಒಬ್ಬಾಕೀನ ಅದಾಳ. ಇನ್ನೊಂದು ದಿನ ಕರದ್ರ ಬರ್ತೀನಿ" ಅಂತ ಹೇಳಿ ಹೋದ. ಅಪ್ಪ "ಅವಂಗ ಗರಜಿಲ್ಲ ಬಿಡೋ" ಅಂದರು. ನಾನೂ ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆದೆ. ಆ ಹುಡುಗ ಹೇಳಿ ಹೋಗಿದ್ದ. ಹೇಳದೆ ಕಾಯಿಸಿದ್ದು ನಾನು. ಅಡ್ಡಗೆರೆ ಬಿದ್ದದ್ದು ಅವನ ಹೆಸರಿಗೆ.

ಮೊದಲು ಕೂತವರು ಗಂಗಾವತಿಯ ಹಿರಿಯರು. 50ರ ಹತ್ತಿರದ ವಯಸ್ಸು. ದಲ್ಲಾಳಿ ಅಂಗಡಿಯಲ್ಲಿ 20 ವರ್ಷ ಗುಮಾಸ್ತರಾಗಿದ್ದವರು, ಅಂಗಡಿ ಮುಚ್ಚಿತ್ತು. ಕೈಬರಹ ಮುತ್ತಿನಂತಿತ್ತು. ಕಂಪ್ಯೂಟರ್ ಬರುತ್ತಿರಲಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು ನನಗೆ "ಸರ್" ಅನ್ನುತ್ತಾ ನಿಂತೇ ಇದ್ದರು. ಕೂತ್ಕೊಳ್ಳಿ ಅಣ್ಣಾರ ಅಂತ ಎರಡು ಸಲ ಹೇಳಬೇಕಾಯಿತು. ಅವರಿಗೆ ಮಾತ್ರ ನಾನು ಅಲ್ಲೇ ನೇರವಾಗಿ ಹೇಳಿದೆ: "ಈ ಕೆಲಸಕ್ಕೆ ಟ್ಯಾಲಿ ಬೇಕೇ ಬೇಕು ಅಣ್ಣಾರ, ಆಗೋದಿಲ್ಲ. ಸೀಸನ್ನಿಗೆ ಬೇರೆ ಏನಾದರೂ ಇದ್ದರೆ ಹೇಳ್ತೀನಿ." ಅವರು "ಸ್ಪಷ್ಟ ಹೇಳಿದ್ರಿ, ಛಲೋ ಆತು" ಅಂದು ಕೈ ಮುಗಿದು ಹೋದರು.

ಕನಕಗಿರಿಯ ಹುಡುಗ ಬಂದಾಗ 10 ದಾಟಿ 40 ನಿಮಿಷ ಆಗಿತ್ತು. ಎರಡು ಬೈಕಿನಲ್ಲಿ ಮೂರು ಜನ ಗೆಳೆಯರು ಜೊತೆಗೆ. ಮಾತಿನ ನಡುವೆ ಫೋನ್ ಬಂತು, ಎತ್ತಿ "ಒಳಗದೀನಿ, ಆಮ್ಯಾಲ ಮಾಡ್ತೀನಿ" ಅಂದ. ತಡ ಆದದ್ದಕ್ಕೆ ನಾನು ಅವನನ್ನು ದೂರುವ ಹಾಗಿಲ್ಲ, ಅವನಿಗೆ ಹೊತ್ತು ಹೇಳಿರಲಿಲ್ಲ, ನಾನೇ ಅದಕ್ಕಿಂತ ತಡವಾಗಿದ್ದೆ. ಫೋನ್ ಸೈಲೆಂಟಿಗೆ ಹಾಕುವುದು ಮಾತ್ರ ಅವನ ಕೈಯಲ್ಲೇ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಬಯೋಡೇಟಾದಲ್ಲಿ "ಟ್ಯಾಲಿ ಪೂರ್ತಿ ಬರುತ್ತದೆ" ಅಂತ ಇತ್ತು. ಕಂಪ್ಯೂಟರ್ ಮುಂದೆ ಕೂರಿಸಿ, ವಾಪಸ್ ಬಂದ ಅಕ್ಕಿಗೆ ಕ್ರೆಡಿಟ್ ನೋಟ್ (ಬಿಲ್ಲಿನ ದುಡ್ಡು ಕಳೆಯುವ ಚೀಟಿ) ಮಾಡು ಅಂದರೆ ಮೌಸು ಹಿಡಿದು ಸುಮ್ಮನಾದ. ಅವನ ಕಿವಿ ಕೆಂಪಾದದ್ದು ನೋಡಿ ನನಗೂ ಸಂಕಟವಾಯಿತು. ಕಲಿತಿದ್ದೇನೆ, ಕೆಲಸದಲ್ಲಿ ಬಳಸಿಲ್ಲ ಅಂತ ಬರೆದಿದ್ದರೆ ಅವನಿಗೆ ಆ ಅವಮಾನ ಇರುತ್ತಿರಲಿಲ್ಲ.

ಕಾಟಾ ಚೀಟಿ

ಎಲ್ಲರಿಗೂ ನಾನು ಎರಡು ಪ್ರಶ್ನೆ ಇಟ್ಟಿದ್ದೆ. ಈ ಭಾಗ ಮಾತ್ರ ಅವತ್ತು ನಾನು ಸರಿಯಾಗಿ ಮಾಡಿದ್ದು.

ಮೊದಲನೆಯದು ಒಂದು ಕಾಟಾ ಚೀಟಿ. ತುಂಬಿದ ಲಾರಿ 24,640 ಕೆಜಿ. ಖಾಲಿ ಲಾರಿ 8,890 ಕೆಜಿ. ನಮ್ಮ ಕಡೆ ಭತ್ತದ ದರ 75 ಕೆಜಿ ಚೀಲದ ಲೆಕ್ಕ. ಚೀಲಕ್ಕೆ 1,800 ರೂಪಾಯಿ ಅಂತಿಟ್ಟುಕೊಂಡರೆ ರೈತರಿಗೆ ಎಷ್ಟು ಕೊಡಬೇಕು? 15,750 ಕೆಜಿ, 210 ಚೀಲ, 3,78,000 ರೂಪಾಯಿ. ಎರಡನೆಯದು ಅಕ್ಕಿ ಬಿಲ್ಲಿನದ್ದು: 25 ಕೆಜಿ ಪ್ಯಾಕಿಗೂ 26 ಕೆಜಿ ಪ್ಯಾಕಿಗೂ ಬಿಲ್ಲಿನಲ್ಲಿ ಏನು ವ್ಯತ್ಯಾಸ? 2022ರ ಜುಲೈ 18ರಿಂದ 25 ಕೆಜಿ ತನಕದ, ಲೇಬಲ್ ಹಚ್ಚಿದ ಪ್ಯಾಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅಂಗಡಿಯಲ್ಲಿ 26 ಕೆಜಿ ಅಕ್ಕಿ ಚೀಲ ಕಾಣುವುದು ಅದಕ್ಕೇ. ಮಿಲ್ಲಿನ ಬಿಲ್ಲು ಮಾಡಿದವರಿಗೆ ಇದು ಬಾಯಿಪಾಠ.

ಸಿಂಧನೂರಿನ ಹುಡುಗ ಎರಡಕ್ಕೂ ತಟ್ಟನೆ ಉತ್ತರ ಕೊಟ್ಟ. ಆರು ವರ್ಷ ಒಂದು ಮಿಲ್ಲಿನಲ್ಲೇ ಇದ್ದವನು, ಆಗಲೂ ಅಲ್ಲೇ ಕೆಲಸದಲ್ಲಿದ್ದ. ಇಸ್ತ್ರಿ ಅಂಗಿ, ನಗುಮುಖ, ಅಪ್ಪನಿಗೆ "ಸಾವ್ಕಾರ್ರೇ" ಅನ್ನುವ ಗೌರವ. ಯಾಕೆ ಬಿಡುತ್ತಿದ್ದೀ ಅಂದಾಗ ತನ್ನ ಮಾಲೀಕರು ಎಷ್ಟು ಜಿಪುಣರು ಅಂತ ಹತ್ತು ನಿಮಿಷ ಹೇಳಿದ. ಅವರು ಯಾವ ಪಾರ್ಟಿಗೆ ಯಾವ ದರಕ್ಕೆ ಅಕ್ಕಿ ಕೊಡುತ್ತಾರೆ, ಯಾರಿಗೆ ಎಷ್ಟು ದಿನ ಉದ್ರಿ, ಅದನ್ನೂ ಹೇಳಿದ. ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ನಮಗೆ ಅದು ಲಾಭದ ಸುದ್ದಿ. ಇವತ್ತು ಅವರ ಗುಟ್ಟು ನಮ್ಮ ಟೇಬಲ್ಲಿಗೆ ಬಂದಂತೆ ನಾಳೆ ನಮ್ಮದೂ ಇನ್ನೊಬ್ಬರ ಟೇಬಲ್ಲಿಗೆ ಹೋಗುತ್ತದೆ ಅನ್ನುವುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಹಳೆಯ ಮಾಲೀಕರ ಬಗ್ಗೆ ದೂರು ಇರಬಾರದು ಅಂತಲ್ಲ. "ಸಂಬಳ ಸಾಲುತ್ತಿಲ್ಲ, ಮೂರು ವರ್ಷದಿಂದ ಜಾಸ್ತಿ ಆಗಿಲ್ಲ" ಅನ್ನುವುದು ನ್ಯಾಯವಾದ ಮಾತು. ಪಾರ್ಟಿಗಳ ಲೆಕ್ಕ ಹೊರಗೆ ಹಾಕುವುದು ಬೇರೆ ಮಾತು.

ಕಾರಟಗಿಯ ಹುಡುಗಿ ಬಿಕಾಂ, ಆಡಿಟರ್ ಆಫೀಸಿನಲ್ಲಿ ಒಂದೂವರೆ ವರ್ಷ. ತಮ್ಮನನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. ಅವನು ಗೇಟಿನ ಹೊರಗೇ ಕೂತಿದ್ದ. ಧ್ವನಿ ಮೆಲ್ಲಗೆ. ಕಾಟಾ ಚೀಟಿ ನೋಡಿ ಪೆನ್ನು ಕೈಯಲ್ಲಿ ಹಿಡಿದು ಕೇಳಿದಳು: "ಸರ್, ಖಾಲಿ ಚೀಲದ ತೂಕ ಕಳೆಯೋದಾ, ಹಾಗೇ ಬಿಡೋದಾ?"

ಚೀಟಿ ನೋಡಿದವರಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಸಣಬಿನ ಚೀಲ ಒಂದೊಂದು ಅರ್ಧ ಕೆಜಿಗಿಂತ ಜಾಸ್ತಿ ತೂಗುತ್ತದೆ. 210 ಚೀಲಕ್ಕೆ 100 ಕೆಜಿ ದಾಟುತ್ತದೆ. ಸುಮಾರು ಒಂದೂವರೆ ಚೀಲ ಭತ್ತದ ದುಡ್ಡು. ರೈತನಿಗೂ ಮಿಲ್ಲಿಗೂ ಜಗಳ ಹುಟ್ಟುವುದೇ ಅಲ್ಲಿ. ಹೇಗೆ ಗೊತ್ತು ಅಂದರೆ, "ಅಪ್ಪ ಹಮಾಲಿ ಮಾಡ್ತಾರೆ ಸರ್" ಅಂದಳು. 26 ಕೆಜಿಯ ಪ್ರಶ್ನೆಗೆ ಮಾತ್ರ "ಅದು ಗೊತ್ತಿಲ್ಲ ಸರ್, ಅಕ್ಕಿ ಬಿಲ್ಲು ನಾನು ಮಾಡಿಲ್ಲ. ಹೇಳಿಕೊಟ್ಟರೆ ಕಲಿತೀನಿ" ಅಂದಳು.

ನಾನು ಅಲ್ಲೇ ನಿಲ್ಲಿಸಬೇಕಿತ್ತು. ಅಪ್ಪ "ಮದುವಿ ಯಾವಾಗವ್ವಾ? ಮದುವಿ ಆಗಿ ಹೋದ್ರ ನಾವೇನ್ ಮಾಡೋದು?" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಹಳೆಯ ಅಕೌಂಟೆಂಟ್ ಹೋದದ್ದು ಹಾಗೇ. ಆದರೂ ಅದು ಕೇಳಬಾರದ ಪ್ರಶ್ನೆ. ಆಗ ಜಾರಿಯಲ್ಲಿದ್ದ 1976ರ ಸಮಾನ ವೇತನ ಕಾಯ್ದೆಯಲ್ಲಿ ಸಂಬಳದ ಮಾತು ಮಾತ್ರ ಇರಲಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅಂತಿತ್ತು. ಆ ಪ್ರಶ್ನೆಯನ್ನು ನಾವು ಸಿಂಧನೂರಿನ ಹುಡುಗನಿಗೆ ಕೇಳಿರಲಿಲ್ಲ. ಅವಳು ತಲೆ ತಗ್ಗಿಸಿ "ಮನ್ಯಾಗ ಇನ್ನೂ ಆ ಮಾತು ತೆಗದಿಲ್ರಿ" ಅಂದಳು.

ಕೊನೆಗೆ ಏನಾದರೂ ಕೇಳುವುದಿದೆಯಾ ಅಂದೆ. ಕೇಳಿದಳು. ಸೀಸನ್ನಿನಲ್ಲಿ ಸಂಜೆ ಎಷ್ಟು ಗಂಟೆ ತನಕ ಇರಬೇಕು, ಕಾರಟಗಿ ಬಸ್ಸು ಹಿಡಿಯಲಿಕ್ಕೆ ಆಗುತ್ತಾ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯಾ. ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ಅಕೌಂಟೆಂಟ್ ನಮ್ಮ ಮನೆಗೆ ಹೋಗಿ ಬರುತ್ತಿದ್ದರು. ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯೇ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಇರಬೇಕು ಅನ್ನುತ್ತಿತ್ತು. ಅವಳು ಹೋದ ಮೇಲೆ ಅಪ್ಪ "ಭಾಳ ಪ್ರಶ್ನಿ ಕೇಳ್ತಾಳ" ಅಂದರು. ಅವಳು ಕೇಳಿದ್ದು ಮೂರೇ. ನಾವು ಕೇಳಿದ್ದು 20ಕ್ಕೂ ಜಾಸ್ತಿ.

ಸಂಜೆ 6ಕ್ಕೆ ಅವಳ ಮೆಸೇಜು ಬಂತು: "ಸರ್, ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಇನ್ನೊಂದು ಕಡೆ ಕರೆದಿದ್ದಾರೆ. ನಿಮ್ಮಲ್ಲಿ ಆಗುತ್ತೋ ಇಲ್ಲವೋ ಶನಿವಾರದೊಳಗೆ ತಿಳಿಸಿದರೆ ಅನುಕೂಲ." ಓದಿದೆ. ಆಮೇಲೆ ಉತ್ತರ ಕೊಡೋಣ ಅಂತ ಫೋನ್ ಜೇಬಿಗೆ ಹಾಕಿಕೊಂಡೆ.

ಆಯ್ಕೆ, ಮತ್ತು ಒಂದು ಫೋನ್ ಕರೆ

ಸಿಂಧನೂರಿನ ಹುಡುಗನನ್ನು ಆರಿಸಿದೆವು. ತಿಂಗಳಿಗೆ 18,000. ದೀಪಾವಳಿ ಮುಗಿದು ನವೆಂಬರ್ 4ಕ್ಕೆ ಬರುತ್ತೇನೆ ಅಂದ. ಅವನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು "ಇಲ್ಲೇ ಇರ್ಲಿ" ಅಂತ ಅಪ್ಪ ಕಪಾಟಿನಲ್ಲಿ ಇಟ್ಟರು. ಓಡಿ ಹೋಗದಿರಲಿ ಅನ್ನುವ ಲೆಕ್ಕ. ಒಬ್ಬ ಮನುಷ್ಯನ ಓದಿನ ಕಾಗದ ಒತ್ತೆ ಇಟ್ಟುಕೊಳ್ಳುವ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ. ನಾನು ಅವತ್ತು ಬಾಯಿ ತೆರೆಯಲಿಲ್ಲ.

ನವೆಂಬರ್ 4ಕ್ಕೆ ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. 5, 6 ಕೂಡ ಹಾಗೇ. ದಲ್ಲಾಳಿಯೊಬ್ಬರ ಬಾಯಿಂದ ಸುದ್ದಿ ಬಂತು: ಅವನ ಹಳೆಯ ಮಾಲೀಕರೇ ಸಂಬಳ ಜಾಸ್ತಿ ಮಾಡಿ ಉಳಿಸಿಕೊಂಡಿದ್ದಾರೆ.

ಅವರಿಗೆ ಹೇಗೆ ಗೊತ್ತಾಯಿತು? ನನ್ನ ಪಟ್ಟಿಯಲ್ಲಿ ಉತ್ತರ ಇತ್ತು. ಅಕ್ಟೋಬರ್ 23ರಂದು ಅಪ್ಪ "ಹುಡುಗ ಹ್ಯಾಂಗ ಅಂತ ಕೇಳೋಣ" ಅಂತ ಆ ಮಾಲೀಕರಿಗೇ ಫೋನ್ ಮಾಡಿದ್ದರು. ಮಿಲ್ಲಿನವರೆಲ್ಲ ಒಬ್ಬರಿಗೊಬ್ಬರು ಪರಿಚಯ. ಹುಡುಗನನ್ನು ಒಂದು ಮಾತು ಕೇಳಿರಲಿಲ್ಲ. ಅವನು ಇನ್ನೂ ಅಲ್ಲೇ ಕೆಲಸದಲ್ಲಿದ್ದ. ಆ ಮಾಲೀಕರು ಒಳ್ಳೆಯವರಾಗಿದ್ದಕ್ಕೆ ಸಂಬಳ ಹೆಚ್ಚಿಸಿದರು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಹೊರಗೆ ಹಾಕುತ್ತಿದ್ದರು. ಈಗ ಕೆಲಸದಲ್ಲಿರುವವರ ಮಾಲೀಕರನ್ನು ವಿಚಾರಿಸಬೇಕಾದರೆ ಮೊದಲು ಅವರನ್ನೇ ಕೇಳಬೇಕು. ಹಳೆಯ ಕೆಲಸದ ಕಡೆಯ ಯಾರದಾದರೂ ನಂಬರು ಅವರೇ ಕೊಡಲಿ ಅನ್ನಬಹುದು.

ಹಾಗಂತ ಹುಡುಗನ ತಪ್ಪು ಅಳಿಸಿ ಹೋಗುವುದಿಲ್ಲ. ಸಂಬಳ ಜಾಸ್ತಿ ಸಿಕ್ಕರೆ ಉಳಿಯುವುದು ಅವನ ಹಕ್ಕು, ಅದಕ್ಕೆ ನನಗೆ ಮುನಿಸಿಲ್ಲ. "ಬರ್ತೀನಿ" ಅಂದ ಮೇಲೆ "ಬರೋದಿಲ್ಲ" ಅನ್ನುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಅಕ್ಟೋಬರ್ 25ಕ್ಕೆ ಹೇಳಿದ್ದರೆ ಕಾರಟಗಿಯ ಹುಡುಗಿ ಕೊಟ್ಟಿದ್ದ ಶನಿವಾರದ ಗಡುವು ಇನ್ನೂ ಬಂದಿರಲಿಲ್ಲ. ಅವನಿಗೆ ಮುಖ ಕೊಡಲು ಸಂಕೋಚ ಆಗಿರಬೇಕು, ಕಾರ್ಡು ನಮ್ಮಲ್ಲಿದ್ದ ಭಯವೂ ಇರಬೇಕು. ಕಾರ್ಡುಗಳನ್ನು ಆಮೇಲೆ ನಾನೇ ಒಂದು ಲಕೋಟೆಗೆ ಹಾಕಿ, ಸಿಂಧನೂರಿಗೆ ಹೋಗುವ ಪರಿಚಯದವರ ಕೈಯಲ್ಲಿ ಮುಟ್ಟಿಸಿದೆ.

ನವೆಂಬರ್ 7ರಂದು ಕಾರಟಗಿಗೆ ಫೋನ್ ಮಾಡಿದೆ. ಎರಡೇ ರಿಂಗಿಗೆ ಎತ್ತಿದಳು. ಕೆಲಸ ಇದೆ, ಬರುತ್ತೀಯಾ ಅಂದೆ. "ಇಲ್ಲ ಸರ್, 28ಕ್ಕೆ ಬೇರೆ ಕಡೆ ಸೇರಿದೆ" ಅಂದಳು. ನಾನು ಏನೋ ತಡವರಿಸಿ, ಒಂದು ವಾರ ಕಾಯಬಹುದಿತ್ತಲ್ಲ ಅಂದೆ. ಆಗ ಹೇಳಿದಳು, ಸಿಟ್ಟಿಲ್ಲದೆ: "ಶನಿವಾರದ ತನಕ ಕಾಯ್ದೆ ಸರ್. ಸೋಮವಾರಾನೇ ಎರಡು ನೀಲಿ ಗೆರೆ ಬಂದಿದ್ವು. ನೀವು ಓದೀರಿ, ಬ್ಯಾಡ ಅಂತ ಅಂದ್ಕೊಂಡೆ."

ಫೋನ್ ಇಟ್ಟು ಬಹಳ ಹೊತ್ತು ಕೂತೆ. ಸಿಂಧನೂರಿನ ಹುಡುಗ ನನಗೆ ಮಾಡಿದ್ದನ್ನು ನಾನು ಅವಳಿಗೆ ಎರಡು ವಾರ ಮುಂಚೆಯೇ ಮಾಡಿದ್ದೆ.

ಆ ಸೀಸನ್

ಅಕ್ಟೋಬರ್ ತಿಂಗಳ ಜಿಎಸ್‌ಟಿ ಮಾರಾಟದ ವಿವರ ನವೆಂಬರ್ 11ರೊಳಗೆ ಹೋಗಬೇಕು, ತೆರಿಗೆ ಕಟ್ಟುವ ರಿಟರ್ನ್ 20ರೊಳಗೆ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ದಂಡ ದೊಡ್ಡದಲ್ಲ, ನಮ್ಮಿಂದ ಅಕ್ಕಿ ಕೊಂಡ ಪಾರ್ಟಿಗಳಿಗೆ ತೆರಿಗೆ ಕ್ರೆಡಿಟ್ (ಕೊಂಡಾಗ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಕಾಣದೆ ಫೋನ್ ಮೇಲೆ ಫೋನ್ ಬರುವುದು ದೊಡ್ಡದು. ನಾನೇ ರಾತ್ರಿ ಒಂದರ ತನಕ ಕೂತು ಎಂಟ್ರಿ ಮಾಡಿದೆ. 11 ತಪ್ಪಿತು, 20 ತಪ್ಪಲಿಲ್ಲ.

ಕಾಟಾ ಕೋಣೆಗೆ ಜನ ಬೇಕಾದಾಗ ಗಂಗಾವತಿಯ ಹಿರಿಯರಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ 8ಕ್ಕೆ ಬಂದು ನಿಂತಿದ್ದರು. ಐದು ಜನರಲ್ಲಿ ನಾನು ಮುಖ ನೋಡಿ "ಇಲ್ಲ" ಅಂದದ್ದು ಅವರೊಬ್ಬರಿಗೇ. ನನ್ನ ಫೋನಿಗೆ ಖುಷಿಯಿಂದ ಬಂದವರೂ ಅವರೊಬ್ಬರೇ. ಕುಷ್ಟಗಿಯ ಹುಡುಗನಿಗೂ ಮಾಡಿದ್ದೆ. ಎತ್ತಲಿಲ್ಲ. ಕಾಯಿಸಿದ್ದಕ್ಕೆ ತಪ್ಪಾಯಿತು ಅಂತ ಮೆಸೇಜು ಹಾಕಿದೆ.

ಮಾರ್ಚಿನ ಎರಡನೇ ಸುತ್ತು

2025ರ ಮಾರ್ಚಿನಲ್ಲಿ ಮತ್ತೆ ಕರೆದೆವು, ಬೇಸಿಗೆ ಬೆಳೆ ಬರುವ ಮುಂಚೆ. ಈ ಸಲ ನೋಟೀಸು ಬರೆಯಲಿಕ್ಕೆ ಒಂದು ಸಂಜೆ ಕೂತೆ. ಸಂಬಳ 15ರಿಂದ 18 ಸಾವಿರ. ಬೆಳಿಗ್ಗೆ 9:30ರಿಂದ 6, ಸೀಸನ್ನಿನಲ್ಲಿ 7:30ರ ತನಕ, ಜಾಸ್ತಿ ಹೊತ್ತಿಗೆ ಬೇರೆ ದುಡ್ಡು. ಭಾನುವಾರ ರಜೆ. ಝೆರಾಕ್ಸ್ ಸಾಕು. ಕೊನೆಯ ತಾರೀಖು ಇಂಥದ್ದು. ಕೆಳಗೆ ಇನ್ನೊಂದು ಸಾಲು: ಇಂಟರ್‌ವ್ಯೂಗೆ ಬಂದ ಎಲ್ಲರಿಗೂ ಐದು ದಿನದೊಳಗೆ ಫೋನ್ ಮಾಡುತ್ತೇವೆ. ಜನವರಿಯಲ್ಲೇ ಆಫೀಸಿನ ಹಿಂದೆ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದ್ದೆ.

ಆರು ಜನರನ್ನು ಕರೆದು ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಕೊಟ್ಟೆ, ನಡುವೆ 45 ನಿಮಿಷ. ಮಾತಿಗಿಂತ ಮೊದಲು ಕಾಟಾ ಚೀಟಿ. ಈ ಸಲವೂ ಒಬ್ಬರು ಹೇಳದೆ ತಪ್ಪಿಸಿಕೊಂಡರು. ಲಿಂಗಸುಗೂರಿನ ಹುಡುಗನನ್ನು ತೆಗೆದುಕೊಂಡೆವು. ಉಳಿದ ನಾಲ್ವರಿಗೆ ನಾನೇ ಫೋನ್ ಮಾಡಿ ಆಗಲಿಲ್ಲ ಅಂದೆ, ಯಾಕೆ ಅಂತಲೂ ಒಂದೊಂದು ಮಾತು ಹೇಳಿದೆ. ಮೊದಲನೇ ಫೋನ್ ಮಾಡುವಾಗ ನನಗೆ ಕೈ ಬೆವರಿತ್ತು. ನಾಲ್ಕೂ ಸೇರಿ ಹತ್ತಿರ ಹತ್ತಿರ 20 ನಿಮಿಷ. ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ ಅನ್ನಾಕೂ ಫೋನ್ ಮಾಡ್ತಾರೇನ್ರಿ?" ಅಂತ ಕೇಳಿದರು. ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಲಿಂಗಸುಗೂರಿನ ಹುಡುಗ ಏಳು ತಿಂಗಳು ಇದ್ದ. ಊರ ಹತ್ತಿರವೇ ಕೆಲಸ ಸಿಕ್ಕಾಗ ಒಂದು ತಿಂಗಳು ಮುಂಚೆ ಬಂದು ಹೇಳಿದ. ಹೊಸಬರಿಗೆ ನಾಲ್ಕು ದಿನ ಕೂತು ತೋರಿಸಿಕೊಟ್ಟು ಹೋದ.

ಅಪ್ಪನಿಗೆ ಇವೆಲ್ಲ ಪೂರ್ತಿ ಒಪ್ಪಿಗೆಯಾಗಿಲ್ಲ. ಬಂದವರಿಗೆ ಊರು ಕೇಳುತ್ತಾರೆ, ಮನೆತನ ಕೇಳುತ್ತಾರೆ, ಮಕ್ಕಳೆಷ್ಟು ಅಂತ ಕೇಳಲು ಬಾಯಿ ತೆರೆಯುತ್ತಾರೆ. ನಾನು ಪಕ್ಕದಲ್ಲಿ ಕೂತು ಕಾಟಾ ಚೀಟಿಯನ್ನು ಟೇಬಲ್ಲಿನ ಮೇಲೆ ಮುಂದಕ್ಕೆ ತಳ್ಳುತ್ತೇನೆ. ಅಪ್ಪ ನನ್ನ ಮುಖ ನೋಡಿ, ಪೆನ್ನು ಎತ್ತಿ ಬಂದವರ ಕೈಗೆ ಕೊಡುತ್ತಾರೆ.